ಬೆಟಗೇರಿಯ ಗಾಜಿನ ಕಡಲಲ್ಲಿ ಶುಕ್ರವಾರದ ಸಂಹಾರ

ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ದಕ್ಷಿಣಾಪಥದಲ್ಲಿ, ಸಮುದ್ರರಾಜನು ಕನಸಿನಲ್ಲಿಯೂ ಕಾಲಿಡದ, ನಲ್ಲಿಯ ನೀರು ಸಹ ಮನಸ್ಸು ಬಂದಾಗ ಮಾತ್ರ ದರ್ಶನವೀಯುವ ಬೆಟಗೇರಿಯೆಂಬ ಪಟ್ಟಣದಲ್ಲಿ, ಸುಟ್ಟ ಮೋಟಾರುಗಳಿಗೆ ಪುನರ್ಜನ್ಮವೀಯುವವನೂ, ತಾಮ್ರತಂತುವಲಯನಿಪುಣನೂ, ಜಲೋತ್ಥಾಪಕಯಂತ್ರಪ್ರಾಣಪ್ರತಿಷ್ಠಾಪನಾಚಾರ್ಯನೂ ಆದ ಗುರುಶಾಂತಪ್ಪ ಕಡ್ಲಿಮಟ್ಟಿಯು ತನ್ನ ಪಡಸಾಲೆಯಲ್ಲಿ ಕಡಲನ್ನು ಸ್ಥಾಪಿಸಿದ ಮತ್ತು ಆ ಕಡಲಿನೊಳಗೆ ಘೋರಸಂಹಾರ ನಡೆದ ಕಥೆಯನ್ನು ಹೇಳಹೊರಟಿದ್ದೇನೆ. ಹೇ ಪಶ್ಚಿಮದಿಕ್ಪಾಲಕ, ಮಕರವಾಹನ, ವರುಣದೇವ, ನನ್ನ ನಾಲಗೆಯ ಮೇಲೆ ಬಂದು ಕುಳಿತುಕೋ; ಉಪ್ಪು ಹೆಚ್ಚಾದರೆ ಎಚ್ಚರಿಸು. ಕೇಳುಗರೇ, ನಗುವವರು ಈಗಲೇ ಹೊರಗೆ ಹೋಗಿ ನಕ್ಕು ಬನ್ನಿ. ಇದರಲ್ಲಿ ಪ್ರಾಣಗಳು ಹೋಗಿವೆ.

ಸ್ಥಾಪನೆಯೇನು ಸಾಮಾನ್ಯವಾಗಿರಲಿಲ್ಲ. ಹುಬ್ಬಳ್ಳಿಯ ಮೀನಿನಂಗಡಿಯಿಂದ ಗಾಜಿನ ತೊಟ್ಟಿ ಬಂತು, ಹವಳದ ಕಲ್ಲು ಬಂತು, ನೀರಿಗೆ ಬೆರೆಸಿದರೆ ಕಡಲಾಗುವ ಉಪ್ಪು ಮೂಟೆಯಲ್ಲಿ ಬಂತು. ಪಡಸಾಲೆಯ ಮೂಲೆಯಲ್ಲಿ ಬಹುಕಾಲದಿಂದ ರಾಜ್ಯವಾಳುತ್ತಿದ್ದ ಹೊಲಿಗೆ ಯಂತ್ರವನ್ನು, ಧರ್ಮಪತ್ನಿ ದಾಕ್ಷಾಯಣಿಯ ಕಣ್ಣೆದುರಿಗೇ ಅಟ್ಟಕ್ಕೇರಿಸಿ, ಆ ಮೂಲೆಯಲ್ಲಿ ವೀರನು ತೊಟ್ಟಿಯನ್ನು ನಿಲ್ಲಿಸಿದನು. ನೀರು ಹದಗೊಳ್ಳುವ ತನಕ ಮೀನು ಬಿಡಬೇಡಿರೆಂದು ಅಂಗಡಿಯ ಸಾದಿಕ್ ಹೇಳಿದ್ದನು, ಬಿಡಲಿಲ್ಲ. ಖಾಲಿ ನೀರನ್ನು ನೋಡಲು ಓಣಿಯ ಜನ ಸಾಲುಗಟ್ಟಿ ಬಂದರು, ಚಹಾ ಕುಡಿದು ಹೋದರು. ಕಡೆಗೆ ನೀಲಿ ಮೀನುಗಳೂ, ಬಿಳಿಪಟ್ಟಿಯ ಕಿತ್ತಳೆ ಮೀನೊಂದೂ ಒಳಗಿಳಿದು ಬಾಲ ಬೀಸಿದಾಗ ಗುರುಶಾಂತಪ್ಪನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳು ಪ್ರಾಣಭಯದಿಂದ ನಡುಗಿದವು.

ಒಂದೇ ತೊಡಕು. ನೀರಿಗೆ ಉಸಿರನ್ನೂದುವ ಗಾಳಿಪಂಪು ಇತ್ತಲ್ಲ, ಅದರ ಗುಂಯ್‌ಗುಟ್ಟುವಿಕೆಯಿಂದ ದಾಕ್ಷಾಯಣಿಗೆ ಧಾರಾವಾಹಿಯ ಮಾತು ಕೇಳುತ್ತಿರಲಿಲ್ಲ. ಸಾವಿರ ಪಂಪುಗಳ ಎದೆಬಡಿತವನ್ನು ಬಲ್ಲ ಆಚಾರ್ಯನಿಗೆ ಇದೊಂದು ಸಮಸ್ಯೆಯೇ? ಪಂಪನ್ನು ಗೋಡೆಯ ಆಚೆಗಿನ ದೇವರ ಕೋಣೆಗೆ ಒಯ್ದು, ನಂದಾದೀಪದ ವಿದ್ಯುದ್ದೀಪಕ್ಕಿದ್ದ ಪ್ಲಗ್ಗಿನ ಪಕ್ಕದಲ್ಲೇ ಸಿಕ್ಕಿಸಿ, ಗೋಡೆಗೆ ತೂತು ಕೊರೆದು ಸಣ್ಣ ನಳಿಕೆಯೊಂದನ್ನು ತೊಟ್ಟಿಗೆ ಎಳೆದನು. ಪಡಸಾಲೆ ನಿಶ್ಶಬ್ದವಾಯಿತು. ಇಂಥ ಬುದ್ಧಿ ಇಂಜಿನಿಯರರಿಗೂ ಹೊಳೆಯದೆಂದು ಅವನು ಊಟದ ಹೊತ್ತಿನಲ್ಲಿ ತಾನೇ ಹೇಳಿಕೊಂಡನು.

ಮೊದಲ ಶುಕ್ರವಾರ ಕಳೆದು ಬೆಳಕು ಹರಿದಾಗ ಒಂದು ನೀಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮುಂದಿನ ವಾರ ಮತ್ತೆರಡು. ಗುರುಶಾಂತಪ್ಪನ ತಾಯಿ, ಶ್ವೇತಕೇಶಿನಿ, ವಿಭೂತಿಭೂಷಿತಲಲಾಟೆ ಬಸಲಿಂಗವ್ವನು ತೊಟ್ಟಿಯ ಮುಂದೆ ನಿಂತು ಒಂದೇ ನೋಟದಲ್ಲಿ ರೋಗ ಕಂಡುಹಿಡಿದಳು. ಓಣಿಯ ಮಂದಿಯೆಲ್ಲ ಬಾಯಿ ತೆರೆದು ನೋಡಿ ಹೋಗಿದ್ದಾರೆ, ಅವರ ಕಣ್ಣು ಬಿದ್ದಿದೆ. ಪ್ರತಿ ಶುಕ್ರವಾರ ಸಂಜೆ ದೇವರ ಕೋಣೆಯಲ್ಲಿ ಕೆಂಡದ ಬಟ್ಟಲಿಗೆ ಲೋಬಾನ ಹಾಕಿ ಹೊಗೆ ಎಬ್ಬಿಸುವುದು ಆಕೆಯ ಎಂದಿನ ವ್ರತ. ಈಗ ಹಿಡಿ ತುಂಬ ಹಾಕತೊಡಗಿದಳು. ಸೊಸೆಗೆ ಕೆಮ್ಮು ಬರುತ್ತದೆಂದು ಕೋಣೆಯ ಬಾಗಿಲನ್ನೂ ಮುಚ್ಚಿಕೊಳ್ಳುವಳು. ಎಷ್ಟು ಒಳ್ಳೆಯ ಅತ್ತೆ, ನೋಡಿ.

ಮಗನು ಮಾತ್ರ ಶಾಸ್ತ್ರಮಾರ್ಗವನ್ನು ಹಿಡಿದನು. ಉಪ್ಪನ್ನು ಅಳೆದನು, ಸರಿ ಇತ್ತು. ಗಾಜಿನ ಕೊಳವೆಯಲ್ಲಿ ನೀರಿಗೆ ಔಷಧಿಯ ಹನಿ ಬಿಟ್ಟು ಅಮೋನಿಯಾ ಪರೀಕ್ಷಿಸಿದನು, ವಿಷವಿರಲಿಲ್ಲ. ಬಿಸಿ ನೋಡಿದನು, ನೀರು ಬದಲಿಸಿದನು, ಕಲ್ಲು ತೊಳೆದನು. ಶತ್ರು ಸಿಗಲಿಲ್ಲ, ಮೀನು ಸತ್ತವು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಸಾದಿಕ್, ನೀರಿನದೇನೂ ತಪ್ಪಿಲ್ಲ, ಹೊರಗಿನಿಂದ ಏನೋ ಒಳಗೆ ಹೊಗುತ್ತಿದೆ, ಅದನ್ನು ಹುಡುಕಿರಿ ಎಂದನು. ಒಡನೆಯೇ ನಮ್ಮ ಪುಣ್ಯಾತ್ಮನು ಹುಡುಕಿದ್ದೆಲ್ಲಿ? ಹೆಂಡತಿಯ ಫಿನಾಯಿಲ್ ಬಾಟಲಿಯಲ್ಲಿ. ನೆಲ ಒರೆಸುವವಳು ನೀನೇ, ಸಿಡಿಸಿದವಳೂ ನೀನೇ ಎಂದು ಮುಖದ ಮೇಲೆ ಅಂದುಬಿಟ್ಟನು. ದಾಕ್ಷಾಯಣಿ ಬಕೆಟ್ಟು ಕೆಳಗಿಟ್ಟಳು. ಕೊನೆಯ ಮೀನೂ ಹೋಯಿತೆಂದರೆ ತೊಟ್ಟಿ ಮಾಳಿಗೆಗೆ ಹೋಗಿ ಮೆಂತ್ಯದ ಮಡಿಯಾಗಬೇಕು, ಹೊಲಿಗೆ ಯಂತ್ರ ಕೆಳಗಿಳಿಯಬೇಕು ಎಂದಳು. ಅತ್ತೆಯ ಎದುರಿಗೇ ಅವನಿಂದ ಹೂಂ ಅನಿಸಿಕೊಂಡಳು.

ಆಗ ಉಳಿದಿದ್ದುದು ಆ ಕಿತ್ತಳೆ ಮೀನೊಂದೇ. ತನ್ನ ಪಂಪು ರಿಪೇರಿಯ ಅಂಗಡಿಯಿಂದ ಗ್ರೀಸು ಮೆತ್ತಿದ ಕೈಯಲ್ಲಿ ಅವನು ಬಂದೊಡನೆ ಅದು ಗಾಜಿನ ಬಳಿ ಬಂದು ಅವನ ಬೆರಳಿನ ಹಿಂದೆ ಹಿಂದೆ ತಿರುಗುತ್ತಿತ್ತು. ಅವನಿಗೆ ಆ ಮೀನಿನ ಮೇಲೆ ಜೀವವಿತ್ತು. ಅದು ಸತ್ತರೆ ಮನೆಗೆ ಬರುವ ಮನಸ್ಸೇ ಆಗುವುದಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು, ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಬಂತು. ಗುರುಶಾಂತಪ್ಪನು ಅಂಗಡಿಗೆ ಬೀಗ ಜಡಿದು, ಒಂದು ಕೈಯಲ್ಲಿ ಟಾರ್ಚನ್ನೂ ಮತ್ತೊಂದರಲ್ಲಿ ಮೀನಿನ ಬಲೆಯನ್ನೂ ಧರಿಸಿ, ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ವೀರಾಸನದಲ್ಲಿ ಕುಳಿತು ಭೀಷಣಪ್ರತಿಜ್ಞೆಯನ್ನು ಗೈದನು: "ಭೂಮಿಯಲ್ಲಡಗಿರಲಿ, ಜಲದಲ್ಲಡಗಿರಲಿ, ಬಂಧುವಾಗಿರಲಿ, ಪರನಾಗಿರಲಿ, ಈ ಮತ್ಸ್ಯಕುಲಾಂತಕನನ್ನು ಇಂದು ಕಂಡೊಡನೆ ಹಿಡಿದು, ಈ ಮನೆಯ ಹೊಸ್ತಿಲಿನಾಚೆಗೆ ಎಸೆಯದಿದ್ದರೆ ನಾನು ಕಡ್ಲಿಮಟ್ಟಿಯ ವಂಶದವನೇ ಅಲ್ಲ."

"ಮೊದಲ ಆ ಟಾರ್ಚಿಗೆ ಸೆಲ್ ಹಾಕ್ಕೋರಿ" ಎಂದಳು ದಾಕ್ಷಾಯಣಿ, ಹೆಸರುಕಾಳು ಆರಿಸುತ್ತ.

ಸಂಜೆಯಾಯಿತು. ಬಸಲಿಂಗವ್ವ ಕೆಂಡದ ಬಟ್ಟಲು ಹಿಡಿದು ದೇವರ ಕೋಣೆ ಹೊಕ್ಕು ಬಾಗಿಲು ಮುಚ್ಚಿದಳು. ಪಡಸಾಲೆಯಲ್ಲಿ ಶತ್ರುವಿನ ಸುಳಿವಿಲ್ಲ; ಬೆಕ್ಕಿಲ್ಲ, ಹಲ್ಲಿಯಿಲ್ಲ, ಫಿನಾಯಿಲ್ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಿತ್ತಳೆ ಮೀನು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿತು. ವೀರನು ಬಲೆ ಬಿಸುಟನು, ಟಾರ್ಚು ಬಿಸುಟನು, ಮೂಗು ನೀರಿಗೆ ತಾಗುವಷ್ಟು ಬಾಗಿದನು. ಗುಳ್ಳೆಯೊಂದು ಎದ್ದು ಅವನ ಮೂಗಿನ ಕೆಳಗೇ ಒಡೆಯಿತು.

ಕಡಲು ಲೋಬಾನದ ವಾಸನೆ ಹೊಡೆಯುತ್ತಿತ್ತು.

ಅವನ ಕಣ್ಣು ನಳಿಕೆಯನ್ನು ಹಿಡಿದು ನಡೆಯಿತು: ತೊಟ್ಟಿಯಿಂದ ಗೋಡೆಗೆ, ಗೋಡೆಯಿಂದ ತೂತಿಗೆ, ತೂತಿನಿಂದ ಆಚೆಗೆ. ಅಯ್ಯೋ ದೇವರೇ, ಮುಚ್ಚಿದ ಕೋಣೆಯ ಹೊಗೆಯನ್ನೆಲ್ಲ ಪಂಪು ಹೀರಿ ಹೀರಿ ಮೀನಿಗೆ ಕುಡಿಸುತ್ತಿದೆ! ಮೀನು ಸತ್ತಷ್ಟೂ ಲೋಬಾನ ಹೆಚ್ಚಿತು, ಲೋಬಾನ ಹೆಚ್ಚಿದಷ್ಟೂ ಮೀನು ಸತ್ತವು. ಎದ್ದನು ಗುರುಶಾಂತಪ್ಪ, ಪ್ರಳಯಮಾರುತದಂತೆ ಬಾಗಿಲನ್ನು ನೂಕಿದನು, ಧೂಮಸಮುದ್ರವನ್ನು ಹೊಕ್ಕನು, ಕಣ್ಣೀರು ಸುರಿಯುತ್ತಿರಲು ತೋಳನ್ನು ಚಾಚಿ ಶತ್ರುವಿನ ಕಂಠನಾಳವನ್ನು ಹಿಡಿದು ಕಿತ್ತನು. ದೇವರ ದೀಪ ಆರಿತು.

"ಯಾವ ಬಾಡ್ಯಾ ಅವ ದೀಪ ಆರಿಸಿದವ?" ಎಂದಿತು ಕತ್ತಲೆಯಲ್ಲಿ ತಾಯಿಯ ದನಿ.

ಎರಡನೆಯ ಪ್ಲಗ್ಗನ್ನು ಕಿತ್ತನು. ಗುಂಯ್‌ಗುಟ್ಟುವಿಕೆ ನಿಂತಿತು. ಹೊರಗೆ ಓಡಿ, ಡಬ್ಬಿಯಲ್ಲಿ ಕಾದಿಟ್ಟಿದ್ದ ಹೊಸ ಉಪ್ಪುನೀರನ್ನು ಹಳೆಯದರ ಬದಲಿಗೆ ಸುರಿದನು. ದಾಕ್ಷಾಯಣಿ ಮೊರದಿಂದ ಹೆಸರುಕಾಳು ಕೆಳಗೆ ಸುರಿದು ಅದೇ ಮೊರದಿಂದ ನೀರಿಗೆ ಗಾಳಿ ಬೀಸಿದಳು. ಊಟದ ಹೊತ್ತಿಗೆ ಮೀನು ತಳಕ್ಕಿಳಿದು ಕಲ್ಲಿನ ಸಂದಿಯಲ್ಲಿ ಬಾಲವಾಡಿಸಿತು. ಬದುಕಿತು.

ಆಗ ಬಸಲಿಂಗವ್ವ ಹೊರಗೆ ಬಂದು ಮೀನನ್ನು ನೋಡಿದಳು, ಮಗನನ್ನು ನೋಡಿದಳು. ಆ ಮುದುಕಿ ವಾರವಾರವೂ ಸತ್ತ ಮೀನಿಗಾಗಿ ಕಣ್ಣೊರೆಸಿಕೊಂಡಿದ್ದಳು. ಯಾತರಿಂದ ಸಾಯುತ್ತಿದ್ದವು ಎಂದು ಕೇಳಿದಳು. ದಾಕ್ಷಾಯಣಿಯ ಬಾಯಿಯಲ್ಲಿ ಉತ್ತರ ಸಿದ್ಧವಿತ್ತು, ಫಿನಾಯಿಲಿನ ಸೇಡೂ ಇತ್ತು. ಆದರೂ ಅವಳು ಉತ್ತರವನ್ನು ಗಂಡನಿಗೇ ಬಿಟ್ಟು ಅವನ ಕಡೆ ತಿರುಗಿದಳು. ಕಂಡೊಡನೆ ಮನೆಯಿಂದಾಚೆಗೆ ಎಸೆಯುವೆನೆಂದವನು, ಬಂಧುವಾದರೂ ಬಿಡೆನೆಂದವನು, ತಾಯಿಯ ಕೈಯ ಬಟ್ಟಲನ್ನೇ ನೋಡಿದನು.

"ಪಂಪ ನಾ ಸರಿ ಜಾಗಾದಾಗ ಇಟ್ಟಿದ್ದಿಲ್ಲ ಯವ್ವಾ. ತಪ್ಪು ನಂದು" ಎಂದನು. ಹೆಂಡತಿಯ ಕಡೆಗೂ ನೋಡಿದನು: "ಫಿನಾಯಿಲ್ ಮಾತಿಂದೂ ತಪ್ಪು ನಂದ."

"ಪಂಪಿನ ಅಂಗಡಿ ಇಟ್ಕೊಂಡು ಕುಂತೀ, ಪಂಪ ಎಲ್ಲಿಡಬೇಕು ಗೊತ್ತಿಲ್ಲೇನು ನಿನಗ?" ಎಂದಳು ತಾಯಿ, ಬೀದಿಬಾಗಿಲು ತೆರೆದೇ ಇದ್ದುದರಿಂದ ಓಣಿಗೆಲ್ಲ ಕೇಳುವಂತೆ. ಆಮೇಲೆ ಅವನ ಸಪ್ಪೆ ಮೋರೆಯನ್ನು ಕಂಡು ದನಿ ಇಳಿಸಿದಳು. "ನಿನಗೂ ಕಣ್ಣು ಬಿದ್ದೈತಿ ಮಗನ. ಬಾ, ಇಲ್ಲಿ ಕುಂದರು."

ಕೆಂಡದ ಮೇಲೆ ಇನ್ನೊಂದು ಹಿಡಿ ಲೋಬಾನ ಬಿತ್ತು. ಜಲೋತ್ಥಾಪಕಯಂತ್ರಪ್ರಾಣಪ್ರತಿಷ್ಠಾಪನಾಚಾರ್ಯನು ನೆಲದ ಮೇಲೆ ಕುಳಿತುಕೊಂಡು ಕೆಮ್ಮಿದನು.