ಮೂರೂವರೆ ಮಾರು ಉದ್ದದ ಕಾರು

ಜಪಾನಿನ ಕಾವಾಸಾಕಿ ಊರಿನ ಇಕ್ಕಟ್ಟಾದ ಬೀದಿಗಳಲ್ಲಿ ಅಮೆರಿಕದ ಸ್ಟೇಷನ್ ವ್ಯಾಗನ್ ಓಡಿಸುವ ಮೊದಲ ಕನ್ನಡಿಗ ನಾನೇ ಎಂದು ಕೊರೋನಾದ ಎರಡನೇ ವರ್ಷ ಮನೆಯಲ್ಲಿ ಘೋಷಿಸಿದೆ! ನಿವೃತ್ತರಾಗುತ್ತಿದ್ದ ಸಹೋದ್ಯೋಗಿ ಹಯಾಶಿ-ಸಾನ್ ಗ್ಯಾರೇಜು ಖಾಲಿ ಮಾಡುತ್ತಿದ್ದರು. ತಿಂಗಳೊಳಗೆ ಯಾರೂ ಒಯ್ಯದಿದ್ದರೆ ಅವರ ಹಳೆಯ ವ್ಯಾಗನ್ ಗುಜರಿಗೆ. ಹಡಗಿನಂಥ ಮೂತಿ, ಪಕ್ಕಕ್ಕೆ ಮರದ ಹಲಗೆಯಂಥ ಪಟ್ಟಿ, ಕಟ್ಟಕಡೆಗೆ ಹಿಂದಕ್ಕೆ ಮುಖ ಮಾಡಿದ ಸೀಟು!

ಆ ಸೀಟಿಗೇ ನಾನು ಸೋತದ್ದು. ನಮ್ಮೂರಿನ ಬೀಜ ಸಂಶೋಧನಾ ಕೇಂದ್ರಕ್ಕೆ ಬಂದಿದ್ದ ಅಮೆರಿಕದ ದಂಪತಿ ಏಳನೇ ತರಗತಿ ಪರೀಕ್ಷೆಗೆ ನಮ್ಮನ್ನು ಅಂಥದೇ ಸೀಟಿನಲ್ಲಿ ತುಂಬಿಕೊಂಡು ಹೋಗಿದ್ದರು. ಊರು ದೂರ ಸರಿಯುವುದನ್ನು ನೋಡುತ್ತ ಓದಿದ್ದೆಲ್ಲ ಮರೆತಿದ್ದೆ. ವರ್ಷದಿಂದ ಫ್ಲ್ಯಾಟಿನಲ್ಲೇ ಬಾಡುತ್ತಿದ್ದ ಎಂಟು ವರ್ಷದ ಮಗಳು ನಿಶಾಗೆ ಆ ಸೀಟಿನಲ್ಲಿ ಸಮುದ್ರ ತೋರಿಸುವುದಾಗಿ ಮಾತು ಕೊಟ್ಟೆ.

ಜಪಾನಿನಲ್ಲಿ ಕಾರು ಮನೆಗೆ ಬರುವ ಮೊದಲು ಅದು ನಿಲ್ಲುವ ಜಾಗವನ್ನು ಪೊಲೀಸರು ಒಪ್ಪಬೇಕು. ಅಪ್ಪ ಹಗ್ಗ ಅಳೆಯುತ್ತಿದ್ದ ಹಾಗೆ ಎರಡೂ ಕೈ ಚಾಚಿ ಕಾರನ್ನು ಅಳೆದೆ: ಮೂರೂವರೆ ಮಾರು. ಅಷ್ಟರಲ್ಲಿ ಆಫೀಸಿನಲ್ಲಿ ಯಾರಿಗೋ ಪಾಸಿಟಿವ್ ಬಂದು ನನಗೆ ಗೃಹಬಂಧನ! ಬಾಲ್ಕನಿಯಲ್ಲಿ ನಿಂತು, ಕೆಳಗಿನ ಪಾರ್ಕಿಂಗ್ ಎಷ್ಟು ಮಾರು ಎಂದು ಅಳೆಯಲು ನಿಶಾಗೆ ಅಪ್ಪಣೆ ಮಾಡಿದೆ.

“ಫೋರ್, ಅಪ್ಪಾ. ಇನ್ನೂ ಸ್ವಲ್ಪ ಜಾಗ ಇದೆ.”

“ರೀ, ಟೇಪ್ ಹಿಡಿದು ಅಳೀಬಾರದಾ?” ಎಂದಳು ಹೆಂಡತಿ ಪದ್ಮಾ.

“ನಮ್ಮಪ್ಪ ಅಳೆದ ಹಗ್ಗ ಯಾವತ್ತೂ ಸಾಲದೆ ಬಂದಿಲ್ಲ!”

ನಾಲ್ಕು ಮಾರನ್ನು ನನ್ನ ತೋಳಿನ ಲೆಕ್ಕದಲ್ಲಿ ಮೀಟರಿಗೆ ತಿರುಗಿಸಿ ಅರ್ಜಿ ಹಾಕಿದೆ.

ನನ್ನ ಗೃಹಬಂಧನ ಮುಗಿದ ಮೇಲೆ ಪೊಲೀಸರು ಬಂದು ಟೇಪ್ ಬಿಚ್ಚಿದರು. ಜಾಗ ಐದು ಮೀಟರ್. ಕಾರು ಹೆಚ್ಚುಕಡಿಮೆ ಆರು. ತಪ್ಪು ತಮ್ಮದೇ ಎಂಬಂತೆ “ಸುಮಿಮಾಸೆನ್” ಎಂದು ಬಾಗಿ ಕ್ಷಮೆ ಕೇಳಿ, ಹೇಗೆ ಅಳೆದಿರೆಂದು ವಿಚಾರಿಸಿದರು. ನಾನು ಕೈ ಚಾಚಿದೆ. ಪಕ್ಕದಲ್ಲಿ ನಿಶಾಳೂ ಹುರುಪಿನಿಂದ ಚಾಚಿದಳು. ಅವಳ ಎರಡೂ ಕೈ ಸೇರಿದರೂ ನನ್ನ ಒಂದೂವರೆ ಕೈ ಆಗಿರಲಿಲ್ಲ!

ಪೊಲೀಸರು ಮೆಲ್ಲಗೆ ನನ್ನ ಉದ್ಯೋಗ ವಿಚಾರಿಸಿದರು.

“ಟೀಚರ್ ಅಂತ ಏನಾದ್ರೂ ಹೇಳಿಬಿಡಿ ರೀ,” ಎಂದು ಪದ್ಮಾ ಪಿಸುಗುಟ್ಟಿದಳು.

ಸುಳ್ಳು ಬರಲಿಲ್ಲ. ಸೂಕ್ಷ್ಮ ಅಳತೆಯ ಉಪಕರಣಗಳ ಎಂಜಿನಿಯರ್ ಎಂದೆ. ಅವರ ಮಾಸ್ಕಿನ ಮೇಲಿನ ಕಣ್ಣುಗಳು ಬಹಳ ಹೊತ್ತು ನಕ್ಕವು.

ಕ್ಷಮೆ ಕೇಳಲು ಹಯಾಶಿ-ಸಾನ್‌ಗೆ ಫೋನ್ ಮಾಡಿದರೆ ಅವರಿಗೆ ಹಿಡಿಸಲಾರದಷ್ಟು ಖುಷಿ! ಕಾರು ಬಿಟ್ಟುಕೊಡಲು ಅವರಿಗೆ ಮನಸ್ಸೇ ಇರಲಿಲ್ಲವಂತೆ. ಚೀಬಾದಲ್ಲಿರುವ ತಮ್ಮನ ಹೊಲದಲ್ಲಿ ಇಡುತ್ತಾರಂತೆ. ಮುಂದಿನ ಭಾನುವಾರ ತಾವೇ ಓಡಿಸಿಕೊಂಡು ನಮ್ಮನ್ನು ಸಮುದ್ರಕ್ಕೆ ಕರೆದೊಯ್ಯಲು ಬಂದರು. ಕಿಟಕಿಗಳೆಲ್ಲ ತೆರೆದಿದ್ದವು. ಪುಳಿಯೋಗರೆ ಡಬ್ಬಿ ಹಿಡಿದು ಪದ್ಮಾ ನಡುವಿನ ಸೀಟಿನಲ್ಲಿ ಕುಳಿತಳು. ನಿಶಾ ಆ ಹಿಂದಿನ ಸೀಟಿನಲ್ಲಿ, ರಾಣಿಯ ಹಾಗೆ! ಇಷ್ಟು ವರ್ಷಗಳ ನಂತರ ಮತ್ತೆ ಅಂಥ ಸೀಟಿಗೆ ಕಾಲಿಟ್ಟೆ, ಅಷ್ಟೆ. ಅವಳು ಬ್ಯಾಗಿನಿಂದ ಟೇಪ್ ತೆಗೆದು ಪಕ್ಕದ ಜಾಗ ಅಳೆದಳು. ನನ್ನ ಸೊಂಟ ಅಳೆದಳು. ಆಮೇಲೆ ಬಾಗಿ ಹೇಳಿದಳು:

“ಸುಮಿಮಾಸೆನ್, ಅಪ್ಪಾ. ಪಾರ್ಕಿಂಗ್ ಇಲ್ಲ.”