ಬಸವಲಿಂಗ ಮಾಡಿದ ಬಾಲ

ಪಾರ್ಸೆಲ್ ಬಿಚ್ಚಿದಾಗ ಒಳಗಿಂದ ಬಂದ ಮತ್ಸ್ಯಕನ್ಯೆಯ ಬಾಲ ಮಾಧುರಿಯ ಮೊಣಕಾಲು ದಾಟಿ ಮೇಲೆ ಬರಲಿಲ್ಲ. ಅದು ಎಂಟು ವರ್ಷದ ಹುಡುಗಿಯರ ಅಳತೆಯದು. ಫೋನಿನಲ್ಲಿ ಅದನ್ನು ತರಿಸಿದವನು ಗಂಡ ಬಸವಲಿಂಗ, ಸೋರಿಕೆ ಮುಚ್ಚುವ ಸಾಮಾನಿನ ಅಂಗಡಿಯವನು. ಅಳತೆ ಆರಿಸುವ ಹೊತ್ತಿಗೇ ಯಾವುದೋ ಗಿರಾಕಿಯ ಟೆರೇಸು ಸೋರಿದ ಕರೆ ಬಂದಿತ್ತು. ಟೆರೇಸಿನ ಉದ್ದಗಲವನ್ನು ಅವನು ಸರಿಯಾಗಿ ಕೇಳಿಕೊಂಡ, ಹೆಂಡತಿಯದು ತಪ್ಪಿತು.

“ಇವತ್ತ ಸಂಜಿಮುಂದ ಕಾರ್ಯಕ್ರಮ ಅದ,” ಎಂದಳು ಮಾಧುರಿ. ಸಿಟ್ಟಿನಿಂದ ಅಂದಿದ್ದರೆ ಬಸವಲಿಂಗ ತಡೆದುಕೊಳ್ಳುತ್ತಿದ್ದ. ಅವಳು ಬಾಲವನ್ನು ಮೆಲ್ಲಗೆ ಮಡಚಿ ಡಬ್ಬಿಯೊಳಗೆ ಇಟ್ಟುಬಿಟ್ಟಳು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಮರಾಠಿ ಸೀಮೆಯ ವಾಕಡದಲ್ಲಿದ್ದ ಅವರ ಅಪಾರ್ಟ್‌ಮೆಂಟ್ ಸೊಸೈಟಿಗೆ ಅಂದು ವಾರ್ಷಿಕೋತ್ಸವ. ಈಜುಕೊಳದಲ್ಲಿ ಹೆಂಗಸರ ಜಲಪ್ರದರ್ಶನ, ಚೆನ್ನಾಗಿ ಮಾಡಿದವರಿಗೆ ಬಹುಮಾನ, ಕೊನೆಗೆ ಮತ್ಸ್ಯಕನ್ಯೆಯಾಗಿ ಮಾಧುರಿ. ಅದಕ್ಕಾಗಿ ಅವಳು ಬೇಸಿಗೆಯುದ್ದಕ್ಕೂ ನಸುಕಿನಲ್ಲೆದ್ದು, ಮೂಗಿಗೆ ಕಿವಿಗೆ ನೀರು ಹೊಗಿಸಿಕೊಂಡು ಈಜು ಕಲಿತಿದ್ದಳು. ಮದುವೆಯಾದಂದಿನಿಂದ ಮನೆಗೆ ಅದು ಬೇಕು ಇದು ಬೇಕು ಎಂದು ಕೇಳಿದ್ದಳೇ ಹೊರತು ತನಗೆ ಅಂತ ಕೇಳಿದ್ದು ಈ ಬಾಲವೊಂದನ್ನೇ.

“ಅದರಾಗ ಏನದ,” ಎಂದ ಬಸವಲಿಂಗ. ಅವನ ಜೀವನದ ಎಲ್ಲಾ ತೊಂದರೆಗಳೂ ಈ ಮಾತಿನಿಂದಲೇ ಶುರುವಾಗುತ್ತಿದ್ದವು. “ಬಾಲ ಅಂದ್ರ ಏನು? ಅರಿವಿ ಮ್ಯಾಲ ಸಿಲಿಕೋನ್. ಹಡಪಸರದಾಗ ಅಂಗಡಿ ಇಟಗೊಂಡು ನಾ ಮತ್ತೇನ್ ಮಾರ್ತೀನಿ? ಸಂಜೀಕ ನಿನ್ನ ಕೈಯಾಗ ಬಾಲ ಇಡ್ತೀನಿ.”

“ನಮ್ಮ ಬಚ್ಚಲಾ ಸೋರ್ತದ ಅಂದಾಗೂ ಹಿಂಗs ಅಂದಿದ್ರಿ. ಇನ್ನೂ ಸೋರ್ತದ,” ಎಂದು ಮಾಧುರಿ ತಾಲೀಮಿಗೆ ಹೊರಟಳು. ಆದರೆ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಣ್ಣ ಆಸೆಯೊಂದಿತ್ತು. ಬಸವಲಿಂಗನಿಗೆ ಅಷ್ಟು ಸಾಕಾಯಿತು.

ಅಷ್ಟರಲ್ಲಿ ತಾಯಿ ರುದ್ರವ್ವ ಹಣೆತುಂಬ ವಿಭೂತಿ ಬಳಿದುಕೊಂಡು, ಪಿಂಪ್ರಿಯಲ್ಲಿದ್ದ ಪ್ರವಚನಕ್ಕೆ ಹೊರಟು ನಿಂತರು. ಪ್ರಸಾದ ಮುಗಿಸಿಕೊಂಡು ಬರುವುದು ಸಂಜೆಗೇ.

“ಬಸ್ಯಾ, ಮೀನಿನ ಬಾಲಾ ಮಾಡ್ತೀ ಅಂತಲ್ಲ. ಒಳಗ ತರಬ್ಯಾಡ. ಲಿಂಗಪೂಜಾ ಆಗೂ ಮನಿ ಇದು.”

“ಅವ್ವಾ, ಅದು ರಬ್ಬರದ್ದು.”

“ರಬ್ಬರ್ ಮೀನಾದ್ರೂ ಮೀನs. ಬಾಲ್ಕನ್ಯಾಗ ಮಾಡಕೋ.” ರುದ್ರವ್ವ ಬಾಲ್ಕನಿಯಿಂದ ಬಗ್ಗಿ ಕೆಳಗಿನ ಈಜುಕೊಳವನ್ನು ನೋಡಿದರು. “ಇದೂ ಒಂದ್ ನೀರೇನು. ನಾ ಸಣ್ಣಾಕಿ ಇದ್ದಾಗ ನಮ್ಮೂರ ಬಾಂವ್ಯಾಗ...” ಎಂದು ಶುರುಮಾಡಿದರು. ಅವರ ಬಾವಿಯ ಕತೆಯನ್ನು ಆ ಮನೆಯಲ್ಲಿ ಯಾರೂ ಕೊನೆತನಕ ಕೇಳಿದವರಿಲ್ಲ. ಅಂದೂ ಕೇಳಲಿಲ್ಲ.

ಬಸವಲಿಂಗ ಕೆಲಸಕ್ಕೆ ಕೂತ. ಅವನ ಬಾಲ್ಕನಿಯೇ ಅರ್ಧ ಗೋದಾಮು. ಮೊದಲು ಕೈಗೆ ಸಿಕ್ಕಿದ್ದು ಬಚ್ಚಲದ ಸಂದುಗಳಿಗೆ ತುಂಬುವ ಬಿಳಿ ಸಿಲಿಕೋನ್. ಮಾಧುರಿಯ ಹಳೇ ಲೆಗ್ಗಿಂಗ್ಸಿನ ಎರಡು ಕಾಲುಗಳನ್ನು ಸೇರಿಸಿ ಹೊಲಿದು, ಒಳಗೆ ದಿಂಬು ತುರುಕಿ, ಟ್ಯೂಬಿನ ಗನ್ನಿನಿಂದ ಅದನ್ನು ಹಿಂಡಿ ಹಿಂಡಿ ಬಳಿದ. ಆ ಸಿಲಿಕೋನ್ ಆರುವಾಗ ವಿನೆಗರಿನಂಥ ಹುಳಿವಾಸನೆ ಬಿಡುತ್ತದೆ. ಬಚ್ಚಲದ ಸಂದಿಗೆ ಹಚ್ಚಿದರೆ ಗೊತ್ತಾಗದು. ಆಳುದ್ದದ ಬಾಲಕ್ಕೆ ಹಚ್ಚಿದಾಗ ಅದು ಮೇಲಿನ ಮೂರು ಮಹಡಿ, ಕೆಳಗಿನ ಎರಡು ಮಹಡಿಗೆ ಗೊತ್ತಾಯಿತು.

ಮೊದಲು ಇಣುಕಿದವರು ಪಕ್ಕದ ಬಾಲ್ಕನಿಯ ಮಲಕಪ್ಪ. ಕಲಬುರ್ಗಿ ಕಡೆಯವರು. ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತರಾದ ಮೇಲೆ ಇಡೀ ಸೊಸೈಟಿಯನ್ನೇ ತಮ್ಮ ಕಚೇರಿ ಮಾಡಿಕೊಂಡವರು.

“ಕಾಲ್ ಯಾರದ್ರೀ ಮುರದದ್ದು?” ಎಂದರು ಬಿಳಿ ಬಾಲವನ್ನು ನೋಡಿ.

“ಕಾಲಲ್ರೀ, ಬಾಲ. ಮಾಧುರಿಗೆ.”

ಮಲಕಪ್ಪ ತಮ್ಮ ಬಾಲ್ಕನಿಯಿಂದ ಇನ್ನಷ್ಟು ಬಗ್ಗಿ ನೋಡಿದರು. “ಎರಡೂ ಕಾಲಿಗೆ ಕೂಡಿ ಒಂದs ಪ್ಲಾಸ್ಟರ್ ಹಾಕ್ದಂಗ ಕಾಣ್ತದ. ಜನಾ ಚಪ್ಪಾಳಿ ಹೊಡ್ಯಾಂಗಿಲ್ರಿ, ಹಣ್ಣು ತಗೊಂಡ್ ನೋಡಾಕ ಬರ್ತಾರ.”

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಸೊಸೈಟಿಯ ಸೆಕ್ರೆಟರಿ ಸ್ನೇಹಲ್ ಮರಳಿನ ಬಕೆಟ್ ಹಿಡಿದ ವಾಚ್‌ಮನ್‌ನನ್ನು ಹಿಂದಿಟ್ಟುಕೊಂಡು ನಿಂತಿದ್ದಳು. ಸೊಸೈಟಿಯ ಫೋನ್ ಗುಂಪಿನಲ್ಲಿ ಯಾರೋ ಆಸಿಡ್ ಸೋರಿದೆ ಎಂದು ಸಂದೇಶ ಹಾಕಿದ್ದರಂತೆ. “ದಾದಾ, ಹೇ ಕಾಯ್ ಚಾಲ್ಲಂಯ್?” ಇದೇನು ನಡೆಸಿದ್ದೀರಿ ಎಂದು ಮೂಗು ಮುಚ್ಚಿಕೊಂಡೇ ಕೇಳಿದಳು. ಬಸವಲಿಂಗ ತನಗೆ ಬಂದಷ್ಟು ಮರಾಠಿಯಲ್ಲಿ ಬಾಲದ ಸಂಗತಿ ವಿವರಿಸಿದ. ಇಂದಿನ ಮತ್ಸ್ಯಕನ್ಯೆಗೆ ಇನ್ನೂ ಬಾಲವೇ ಇಲ್ಲ ಎಂಬುದು ಸೆಕ್ರೆಟರಿಗೆ ಗೊತ್ತಾದದ್ದು ಹೀಗೆ.

“ಸಂಜೆ ಬಾಲ ಬಂದಿಲ್ಲ ಅಂದರೆ ಮಾಧುರಿಯ ಐಟಂ ಕ್ಯಾನ್ಸಲ್,” ಎಂದು ಮರಾಠಿಯಲ್ಲೇ ಹೇಳಿ ಹೋದಳು. “ಆಮೇಲೆ ನನಗೆ ಏನೂ ಅನ್ನಬೇಡಿ.”

ಅವಳ ಹಿಂದೆಯೇ ಬಂದವಳು ಮೇಲಿನ ಮಹಡಿಯ ರಂಜಿನಿ. ಬೆಂಗಳೂರಿನ ಹುಡುಗಿ, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳು ಬಾಲವನ್ನು ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು.

“ಅಂಕಲ್, ಇದು ನಾಳೆವರ್ಗೂ ಒಣಗಲ್ಲ. ಮತ್ತೆ ಇದು ಸ್ಕಿನ್‌ಗೆ ಟಚ್ ಆಗುತ್ತಲ್ವಾ? ಆಂಟಿಗೆ ಉರಿ ಬರುತ್ತೆ.” ಫೋನ್ ತೆಗೆದು ಓದಿದಳು. “ಬಾಲ ಮಾಡೋರೆಲ್ಲ ಪ್ಲಾಟಿನಂ ಕ್ಯೂರ್ ಸಿಲಿಕೋನ್ ಯೂಸ್ ಮಾಡ್ತಾರೆ. ಎರಡು ಬಾಟ್ಲಿ ಬರುತ್ತೆ, ಸಮಸಮ ಮಿಕ್ಸ್ ಮಾಡೋದು. ವಾಸನೆ ಇಲ್ಲ, ಬೇಗ ಸೆಟ್ ಆಗುತ್ತೆ.”

ಪ್ಲಾಟಿನಂ ಅಂದ ಕೂಡಲೇ ಮಲಕಪ್ಪ ತಮ್ಮ ಬಾಲ್ಕನಿಯಿಂದ ಕತ್ತು ಉದ್ದ ಮಾಡಿದರು. “ಬಂಗಾರದ್ದು ಸಾಲಂಗಿಲ್ಲೇನ್ರಿ?”

ಬಸವಲಿಂಗನ ಮುಖ ಅರಳಿತು. ಕೇಕಿನ ಅಚ್ಚು ಮಾಡುವವರಿಗೆ ಮಾರಲು ತಂದ ಅಂಥ ಬಾಟಲಿಗಳು ಮೂಲೆಯಲ್ಲೇ ಇದ್ದವು. ಬಿಳಿ ಪದರವನ್ನು ಸುಲಿದು ಬಿಸಾಕಿ, ಉಳಿದ ಲೆಗ್ಗಿಂಗ್ಸಿಗೆ ಇದನ್ನು ಬಳಿಯತೊಡಗಿದ. ಈ ಸಲ ಜಾಗ್ರತೆಯಿಂದ, ಹೆಂಡತಿಯ ಮೈಗೆ ತಾಗುವ ಸಾಮಾನು ಎಂದು, ಡಾಕ್ಟರರು ಹಾಕುವಂಥ ರಬ್ಬರ್ ಕೈಗವಸು ತೊಟ್ಟುಕೊಂಡು ಬೆರಳಲ್ಲೇ ನುಣುಪಾಗಿ ಸವರಿದ. ಮಾಡಿ ಮುಗಿಸಿ, ಉಂಡು ಬಂದು ಮುಟ್ಟಿದರೆ ಅದು ಕಾಕಂಬಿಯ ಹಾಗೆ ಅಂಟುತ್ತಿತ್ತು. ಇನ್ನಷ್ಟು ಕಾದ. ಇನ್ನೂ ಅಂಟಿತು. ಬಿಸಿಲಿಗೆ ಹಿಡಿದ, ಹೇರ್‌ಡ್ರೈಯರ್ ಹಿಡಿದ, ಉಫ್ ಉಫ್ ಎಂದು ಊದಿದ. ಬಾಲ್ಕನಿಯ ಮೇಲೆ ಹಾರುತ್ತಿದ್ದ ಪಾರಿವಾಳದ ಪುಕ್ಕವೊಂದು ಬಂದು ಬಾಲಕ್ಕೆ ಅಂಟಿಕೊಂಡಿತು.

ಮತ್ತೆ ರಂಜಿನಿಯನ್ನು ಕರೆದ. ಅವಳು ಬಾಲವನ್ನು ಬಿಟ್ಟು ಅವನ ಕೈ ನೋಡಿದಳು.

“ಈ ಗ್ಲೋವ್ಸ್ ಹಾಕ್ಕೊಂಡ್ರಾ? ಇದು ಲೇಟೆಕ್ಸ್ ಅಂಕಲ್. ಇದರಲ್ಲಿ ಗಂಧಕ ಇರುತ್ತೆ. ಅದು ತಾಗಿದ್ರೆ ಪ್ಲಾಟಿನಂ ಸಿಲಿಕೋನ್ ಯಾವತ್ತೂ ಸೆಟ್ ಆಗಲ್ಲ.”

“ಯಾವತ್ತೂ ಅಂದ್ರ?”

“ಯಾವತ್ತೂ.”

ಇಷ್ಟು ವರ್ಷ ಸಿಲಿಕೋನ್ ಮಾರಿದ ಬಸವಲಿಂಗನಿಗೆ ಇದು ಗೊತ್ತಿರಲಿಲ್ಲ. ಅವನು ಕೈಗವಸು ಕಳಚಿ ಬಿಸಾಕಿ ಮೂಲೆಯ ಕಡೆ ನೋಡಿದ. ಬಾಟಲಿಗಳು ಇನ್ನೂ ಎರಡು ಜೋಡಿ ಇದ್ದವು. ಬಳಿಯಲು ಬಟ್ಟೆ ಇರಲಿಲ್ಲ. ಬಾಗಿಲಲ್ಲಿ ತಿರುಗಿ ನೋಡಿದ ಮಾಧುರಿಯ ಮುಖ ಕಣ್ಣೆದುರಿಗೆ ಬಂದು ಬಂದು ಹೋಗುತ್ತಿತ್ತು. ಇವತ್ತು ಕೈಬಿಟ್ಟರೆ ಅವಳು ಮತ್ತೆಂದೂ ತನಗೆ ಅಂತ ಏನನ್ನೂ ಕೇಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಆಗ ನೆನಪಾದದ್ದು ಅಟ್ಟದ ಮೇಲಿನ ಹಳೇ ಅರಿವೆಯ ಗಂಟು. ಹಳೇ ಬಟ್ಟೆ ಒಯ್ದು ಸ್ಟೀಲಿನ ಪಾತ್ರೆ ಕೊಡುವ ಹೆಂಗಸಿಗೆಂದು ಕಟ್ಟಿಟ್ಟದ್ದು. ಸ್ಟೂಲ್ ಹಾಕಿ ಇಳಿಸಿ ಬಿಚ್ಚಿದ. ಹರಿದ ಟವೆಲು, ಬಣ್ಣಗೆಟ್ಟ ಚಾದರು, ತನ್ನದೇ ಹಳೇ ಪ್ಯಾಂಟು. ಎಲ್ಲಕ್ಕಿಂತ ಅಡಿಯಲ್ಲಿ, ಬಿಳಿ ಪಂಚೆಯಲ್ಲಿ ಸುತ್ತಿದ್ದ ಒಂದು ಇಳಕಲ್ ಸೀರೆ. ನವಿಲು ಬಣ್ಣದ ಮೈ, ಕೆಂಪು ತೆನೆ ನೇಯ್ದ ಸೆರಗು. ಮಡಿಕೆಯೊಳಗಿಂದ ವಿಭೂತಿ ಗಟ್ಟಿಯೊಂದು ಉರುಳಿತು. ನುಸಿ ಬರದಿರಲಿ ಅಂತ ಇಟ್ಟಿರಬೇಕು ಎಂದುಕೊಂಡು ಅದನ್ನು ದೇವರ ಮುಂದಿಟ್ಟು ಬಂದ. ಹಳೇ ಅರಿವೆಯಲ್ಲಿ ಬಿದ್ದದ್ದು ಯಾರಿಗೂ ಬೇಡವಾದದ್ದೇ ಇರಬೇಕಲ್ಲ.

ಮುಂದಿನದೆಲ್ಲ ಹೂವೆತ್ತಿದ ಹಾಗೆ ಆಯಿತು. ಸೀರೆಯನ್ನು ಕತ್ತರಿಸಿ ಮಾಧುರಿಯ ಯಂತ್ರದಲ್ಲೇ ಹೊಲಿದ. ಪಾರ್ಸೆಲ್ಲಿನಲ್ಲಿ ಬಂದ ಮಕ್ಕಳ ಬಾಲದೊಳಗಿದ್ದ ಪ್ಲಾಸ್ಟಿಕ್ ರೆಕ್ಕೆಯನ್ನು ಬಿಚ್ಚಿ ತುದಿಗೆ ಸೇರಿಸಿ, ಅದಕ್ಕೆ ಕೆಂಪು ಸೆರಗನ್ನು ಬೀಸಣಿಗೆಯಂತೆ ಹರಡಿದ. ಬರಿಗೈಯಿಂದ ಮೂರು ಸಲ ದಪ್ಪಗೆ ಸಿಲಿಕೋನ್ ಬಳಿದ. ಮೂರನೇ ಪದರ ಅರೆಬರೆ ಬಿಗಿದಾಗ ಕರ್ಚಿಕಾಯಿ ಕತ್ತರಿಸುವ ಗಾಲಿ ತಂದು ಉದ್ದಕ್ಕೂ ಹೊರಳಿಸಿದ. ಅಲೆ ಅಲೆಯಾಗಿ ಮೀನಿನ ಹುರುಪೆಗಳು ಮೂಡಿದವು. ಬಿಸಿಲಿಗೆ ಅದು ಬೇಗನೆ ಬಿಗಿಯಿತು. ಸಿಲಿಕೋನಿನ ಕೆಳಗೆ ನವಿಲು ಬಣ್ಣ ಮಿಂಚುತ್ತಿತ್ತು. ಮಲಕಪ್ಪ ಕೂಡ ಇದರಲ್ಲಿ ತಪ್ಪು ಹುಡುಕಲಿಲ್ಲ.

ಮಾಧುರಿ ಬಂದು ನೋಡಿದಳು. ಬಾಲದ ಮೇಲೆ ಕೈಯಾಡಿಸಿದಳು, ಮತ್ತೊಮ್ಮೆ ಆಡಿಸಿದಳು. “ನೀವs ಮಾಡಿದ್ರೇನ್ರಿ?” ಎಂದು ಕೇಳಿದಳು. ಅವಳ ಕಣ್ಣು ತುಂಬಿತ್ತು. ಅಷ್ಟು ಸುಖ ಬಸವಲಿಂಗನಿಗೆ ಅಂಗಡಿ ಪೂಜೆಯ ದಿನವೂ ಆಗಿರಲಿಲ್ಲ. ಬಾಲವನ್ನು ಹೆಗಲ ಮೇಲೆ ಹೊತ್ತುಕೊಂಡು ಅವನೇ ಲಿಫ್ಟಿನಲ್ಲಿ ಇಳಿಸಿದ.

ಕೊಳದ ಸುತ್ತ ಇಡೀ ಸೊಸೈಟಿ ನೆರೆದಿತ್ತು. ಸ್ನೇಹಲ್ ಮೈಕಿನಲ್ಲಿ ಮಾಧುರಿಯ ಹೆಸರು ಕೂಗಿದಳು. ಮಾಧುರಿ ಕೊಳದ ಅಂಚಿಗೆ ಕೂತು, ಕಾಲಿಗೆ ಸಾಬೂನು ನೀರು ಸವರಿಕೊಂಡು, ಇನ್ನೇನು ಬಾಲದೊಳಗೆ ಕಾಲಿಡಬೇಕು, ಗುಂಪಿನ ಹಿಂದಿನಿಂದ ದನಿಯೊಂದು ಬಂತು.

“ತಡೀ.”

ಪಿಂಪ್ರಿಯಿಂದ ಬಂದ ರುದ್ರವ್ವ ಕೈಯಲ್ಲಿ ಪ್ರಸಾದದ ಚೀಲ ಹಿಡಿದು ನಿಂತಿದ್ದರು. ಅವರ ಕಣ್ಣು ಬಾಲದ ತುದಿಯ ಕೆಂಪು ಸೆರಗಿನ ಮೇಲಿತ್ತು.

“ಬಸ್ಯಾ. ಇದು ನನ್ನ ಸೀರಿ.”

“ಹಳೇ ಅರಿವಿ ಗಂಟಿನ್ಯಾಗ ಇತ್ತವಾ...”

“ಅಲ್ಲೆ ಇಟ್ರ ನಿನ್ನ ಹೆಂಡ್ತಿ ಹಬ್ಬಕ್ಕ ಉಡಾಕ ಕೇಳಂಗಿಲ್ಲ ಅಂತ ಇಟ್ಟಿದ್ದೆ. ನಿಮ್ಮಪ್ಪ ತಂದಿದ್ದು. ನಾ ಸತ್ತಾಗ ಉಡಸ್ರಿ ಅಂತ ತಗದಿಟ್ಟ ಸೀರಿ ಅದು. ವಿಭೂತಿ ಗಟ್ಟಿ ಇಟ್ಟಿದ್ದು ಕಾಣಲಿಲ್ಲೇನು?”

ಬಸವಲಿಂಗನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಇದ್ದದ್ದು ಈಜುಕೊಳ, ಅವನಿಗೆ ಈಜು ಬರುತ್ತಿರಲಿಲ್ಲ. ಮಾಧುರಿ ತಲೆತಗ್ಗಿಸಿ ಬಾಲವನ್ನು ಅತ್ತೆಯ ಕಡೆ ಸರಿಸಿದಳು. “ಬ್ಯಾಡ್ರಿ ಅತ್ತಿ. ನಾ ಹಾಕ್ಕೊಳ್ಳಂಗಿಲ್ಲ,” ಎಂದಳು.

ರುದ್ರವ್ವ ಬಗ್ಗಿ ಬಾಲವನ್ನು ಮುಟ್ಟಿದರು. ಹುರುಪೆಗಳ ಮೇಲೆ ಬೆರಳಾಡಿಸುತ್ತಾ ಕೂತರು. “ಭಾಳ ಚಂದ ಮಾಡೀ,” ಎಂದರು ಸಣ್ಣಗೆ. ಆಮೇಲೆ ಪ್ರಸಾದದ ಚೀಲವನ್ನು ಮಲಕಪ್ಪನವರ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಉಟ್ಟ ಸೀರೆಯನ್ನು ಕಚ್ಚೆ ಕಟ್ಟಿದರು. “ಸತ್ತ ಮ್ಯಾಲ ಉಟ್ರ ನನಗೇನ್ ಕಾಣಸ್ತದ? ಈಗs ಉಡ್ತೀನಿ. ಮಾಧುರಿ, ಆ ಸಾಬೂನ್ ನೀರ್ ಇತ್ತ ಕೊಡು.”

“ಅವ್ವಾ, ನಿನಗ ಈಜು...”

“ಬಾಂವಿ ಕತಿ ಎಂದಾರೆ ಪೂರಾ ಕೇಳಿದ್ದೇನು?”

ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕಲಿತು, ಆಮೇಲೆ ಬುರುಡೆ ಬಿಟ್ಟು ಊರ ಹುಡುಗರನ್ನೆಲ್ಲ ಸೋಲಿಸಿದ್ದು ಆ ಕತೆಯ ಉಳಿದ ಭಾಗ. ಅದನ್ನು ಸೊಸೈಟಿ ಕಣ್ಣಾರೆ ನೋಡಿತು. ರುದ್ರವ್ವ ನೀರಿಗಿಳಿದು ಸೊಂಟವನ್ನೊಮ್ಮೆ ತಿರುವಿದರು. ಕೆಂಪು ಸೆರಗು ನೀರಿನಲ್ಲಿ ಅರಳಿತು. ಕೊಳದ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಇಲ್ಲಿಗೆ, ಹಣೆಯ ವಿಭೂತಿ ತೊಳೆದುಹೋದದ್ದೂ ಗೊತ್ತಿಲ್ಲದೆ ಈಜಿದರು. ಕಾಪಾಡಲು ನಿಂತಿದ್ದ ತರಬೇತುದಾರ ಸೀಟಿಯನ್ನು ಬಾಯಲ್ಲೇ ಮರೆತ. ಮೊದಲ ಬಹುಮಾನವನ್ನು ಸ್ನೇಹಲ್ ಅವರಿಗೇ ಕೊಟ್ಟಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮಾಧುರಿ. ತಟ್ಟುತ್ತಲೇ ಗಂಡನ ಕಡೆ ಬಾಗಿ, “ಮುಂದಿನ ಐತವಾರದೊಳಗ ನನಗ ಬ್ಯಾರೆ ಬಾಲ ಬೇಕು. ನನ್ನ ಮದಿವಿ ಸೀರಿ ಮುಟ್ಟೀರಿ ಅಂದ್ರ ನೋಡ್ರಿ,” ಎಂದಳು.

ರುದ್ರವ್ವ ದಡಕ್ಕೆ ಬಂದು ಬಾಲ ಕಳಚಿ, ಉಟ್ಟ ಸೀರೆ ಹಿಂಡಿ ಮೈ ಒರೆಸಿಕೊಂಡರು. ಮುಖದಲ್ಲಿ ಸಣ್ಣ ಹುಡುಗಿಯ ನಗು. “ಬಸ್ಯಾ, ಇದನ್ನ ಒಣಗಿಸಿ ಒಳಗ ತಂದಿಡು. ನಾ ಸತ್ತಾಗ ಇದನ್ನs ಉಡಸ್ರಿ.”

ಎಲ್ಲರೂ ನಕ್ಕರು. ಮಲಕಪ್ಪ ಮಾತ್ರ ನಗಲಿಲ್ಲ. ಅವರು ಪ್ರಸಾದದ ಚೀಲವನ್ನು ಕೆಳಗಿಟ್ಟು, ಬಾಲದ ಮೊಣಕಾಲಿನ ಜಾಗವನ್ನು ಎರಡೂ ಕೈಯಿಂದ ಹಿಡಿದು ಬಗ್ಗಿಸಿ ನೋಡಿದರು. ಬಸವಲಿಂಗ ಗಟ್ಟಿಯಾಗಲೆಂದು ಮೂರು ಸಲ ಬಳಿದ ಸಿಲಿಕೋನ್ ಅಲುಗಲಿಲ್ಲ.

“ಅಲ್ರೀ ರುದ್ರವ್ವ,” ಎಂದರು. “ನಮ್ಮಾಗ, ಲಿಂಗಾ ಕಟ್ಟಿದವರಾಗ, ಸತ್ತವರನ್ನ ಕೂಡಿಸಿ ಮಣ್ಣು ಮಾಡ್ತಾರ. ಕಾಲ್ ಮಡಚಬೇಕು. ಇದು ಮಡಚೂದs ಇಲ್ಲಲ್ರಿ.”

ರುದ್ರವ್ವನ ನಗು ನಿಂತಿತು. ಅವರೂ ಬಗ್ಗಿಸಿ ನೋಡಿದರು. ಮಗನ ಕಡೆ ತಿರುಗಿದರು. “ಹೌದಲ್ಲೋ. ನಿನ್ನ ಹೆಂಡ್ತೀದು ಆಮ್ಯಾಲ ಮಾಡು. ಮೊದಲ ನಂದು ಸರಿ ಮಾಡಿಕೊಡು.”

“ಅವ್ವಾ, ನಿಂದೇನ್ ಅವಸರ ಅದ?”

“ಯಾರಿಗ್ ಗೊತ್ತು.”

ಮಾಧುರಿ ಒಂದು ಕಡೆಯಿಂದ, ತಾಯಿ ಒಂದು ಕಡೆಯಿಂದ ನೋಡುತ್ತಿದ್ದರು. ಅದರಾಗ ಏನದ ಎನ್ನುವ ಮಾತು ಬಸವಲಿಂಗನ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು. ಅವನು ಮೆಲ್ಲಗೆ ಗುಂಪಿನೊಳಗಿಂದ ಸರಿದು ರಂಜಿನಿಯ ಪಕ್ಕ ಹೋಗಿ ನಿಂತ.

“ಮೇಡಂ,” ಎಂದ ತಗ್ಗಿದ ದನಿಯಲ್ಲಿ. “ಪದ್ಮಾಸನ ಹಾಕಾಕ ಬರೂವಂಥ ಸಿಲಿಕೋನ್ ಯಾವುದ್ ಅದ, ಸ್ವಲ್ಪ ನೋಡಿ ಹೇಳ್ತೀರೇನು?”