ಅರ್ಧ ಪೌಂಡಿನ ಪಾಂಡಿತ್ಯ

ಜೀವಮಾನವೆಲ್ಲ ಡೇರಿಯ ತೂಕದ ಯಂತ್ರದ ಮುಂದೆ ಕೂತು ನಿವೃತ್ತನಾದ ನನ್ನ ಮನೆಯಲ್ಲೇ ಚೀಸನ್ನು ಕಪ್ಪಿನಲ್ಲಿ ಅಳೆಯುತ್ತಾರೆಂದರೆ, ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಳ್ಳಲ್ಲ. ಅದೂ ಅಮೆರಿಕದಲ್ಲೇ ಚೀಸಿಗೆ ಹೆಸರಾದ ವಿಸ್ಕಾನ್ಸಿನ್‌ನಲ್ಲಿ. ಅದೂ ಹಿಡಿ ಮುರಿದ ಕಪ್ಪಿನಲ್ಲಿ (ಹೆಂಡತಿಯ ಅಜ್ಜಿಯದು, ಆದ್ದರಿಂದ ಪೂಜಾರ್ಹವಾದದ್ದು).

"ಈ ತುರೀಲಿ ಅರ್ಧ ಗಾಳಿನೇ ಇದೆ ಕಣೇ ಆರ್ಲಿಸ್. ಊರಿಗೆಲ್ಲ ಗಾಳಿ ಬಡಿಸ್ತಿದೀಯ."

"ಆ ಗಾಳೀನೇ ಇಷ್ಟು ವರ್ಷ ನೆಕ್ಕಿ ನೆಕ್ಕಿ ಪಾತ್ರೆ ಖಾಲಿ ಮಾಡಿದಾರೆ. ನೀವು ಸುಮ್ನಿರಿ."

ಅದು ನಿಜ. ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ನಡೆಯುವ ಸಹಭೋಜನಕ್ಕೆ ಎಲ್ಲರೂ ಒಂದೊಂದು ಅಡುಗೆ ತರುತ್ತಾರೆ. ಪಾತ್ರೆ ಖಾಲಿಯಾಗಿ ಮನೆಗೆ ಹೋದರೆ ಮರ್ಯಾದೆ ಉಳಿಯಿತು. ಮಿಕ್ಕಿದ್ದನ್ನು ಹೊತ್ತುಕೊಂಡು ಹೋದವರು ಮುಂದಿನ ತಿಂಗಳವರೆಗೆ ತಲೆ ತಗ್ಗಿಸಿ ಓಡಾಡಬೇಕು. ಆರ್ಲಿಸಳ ಚೀಸ್ ಮ್ಯಾಕರೋನಿ ಎಂದೂ ಮಿಕ್ಕಿದ್ದಿಲ್ಲ. ಆ ಕೀರ್ತಿಗೆ ಶಾಸ್ತ್ರೀಯ ತಳಹದಿ ಹಾಕಬೇಕೆಂಬ ಘನ ಉದ್ದೇಶ ನನ್ನದು.

ಕಪ್ಪಿಗೆ ನೀರು ತುಂಬಿ ತೂಗಿದೆ. ಕಪ್ಪಿನ ತೂಕ ಕಳೆದರೆ ಸರಿಯಾಗಿ ಅರ್ಧ ಪೌಂಡು. ಅಂದಮೇಲೆ ನಾಲ್ಕು ಕಪ್ ಚೀಸ್ ಎಂದರೆ ಎರಡು ಪೌಂಡು. (ನೀರಿಗೊಂದು ನ್ಯಾಯ, ಚೀಸಿಗೊಂದು ನ್ಯಾಯ ಉಂಟೇ?) ಎರಡು ಪೌಂಡು ತೂಗಿ, ತುರಿದು ಗುಡ್ಡೆ ಹಾಕಿದೆ. ಆರ್ಲಿಸ್ ಗುಡ್ಡೆಯನ್ನು ನೋಡಿದಳು, ನನ್ನನ್ನೂ ನೋಡಿದಳು.

"ಬಾಗಿಲ ಮುಂದೆ ಹಿಮ ಬಿದ್ದಿದೆ. ಹೋಗಿ ಎತ್ತಿ ಹಾಕಿ ಬನ್ನಿ."

ಎತ್ತಿ ಹಾಕಿ ಬರುವಷ್ಟರಲ್ಲಿ ಪಾತ್ರೆ ಓವನ್ ಸೇರಿತ್ತು.

ಭಾನುವಾರದ ಸಹಭೋಜನದಲ್ಲಿ ಎಂದಿನಂತೆ ಪಾತ್ರೆ ಖಾಲಿಯಾಗಿ ಕನ್ನಡಿಯಾಯಿತು. ಕಾಫಿ ಹಿಡಿದು ಎದ್ದು ನಿಂತೆ. ಗೆದ್ದ ಗಂಡಸು ಸುಮ್ಮನೆ ಕೂರುವುದುಂಟೇ?

"ಇವತ್ತೇನೋ ಇನ್ನೂ ರುಚಿಯಾಗಿತ್ತಲ್ಲ ಎಲ್ರಾಯ್, ಏನು ಗುಟ್ಟು?" ಎಂದು ಕೇಳಿದವರು ಆಲೂಗಡ್ಡೆ ಚೀಸ್ ತರುವ ವರ್ನಾ.

"ಕಪ್ ಮರೆತುಬಿಡಿ. ಒಂದು ಕಪ್ ಚೀಸಿಗೆ ಅರ್ಧ ಪೌಂಡು. ತೂಗಿ ಹಾಕಿ, ಆಮೇಲೆ ನೋಡಿ."

ಹೆಂಗಸರೆಲ್ಲ ತಲೆದೂಗಿದರು. ಆರ್ಲಿಸ್ ಮಾತ್ರ ಕಿಟಕಿಯ ಕಡೆ ನೋಡುತ್ತ ಕಾಫಿ ಕುಡಿದಳು.

ಮುಂದಿನ ಸಹಭೋಜನಕ್ಕೆ ಇಡೀ ಮೇಜೇ ಚೀಸಿನದು. ವರ್ನಾರ ಆಲೂಗಡ್ಡೆಯಲ್ಲಿ ಚುಚ್ಚಿದ ಸೌಟು ಕೈಬಿಟ್ಟರೂ ನೆಟ್ಟಗೆ ನಿಂತಿತ್ತು. ಪಾದ್ರಿಗಳು ಒಂದು ತುತ್ತು ಬಾಯಿಗಿಟ್ಟು, ಪ್ರಾರ್ಥನೆಗೆ ಕಣ್ಣು ಮುಚ್ಚಿದವರಂತೆ ಬಹಳ ಹೊತ್ತು ಅಗಿದರು. ಖಾಲಿಯಾದದ್ದು ಆರ್ಲಿಸಳ ಪಾತ್ರೆಯೊಂದೇ.

ನಮ್ಮೂರಿನವರು ಜಗಳವಾಡುವುದಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತಾರೆ. ವರ್ನಾ ನಗುನಗುತ್ತ ತಮ್ಮ ಪಾತ್ರೆಯನ್ನು ನಮ್ಮ ಕಾರಿನಲ್ಲಿಟ್ಟರು.

"ಚೀಸ್ ಅಂದ್ರೆ ನಿಮಗೆ ಪ್ರಾಣ ಅಂತ ಗೊತ್ತು ಎಲ್ರಾಯ್. ಪಾತ್ರೆಗೇನೂ ಅವಸರ ಇಲ್ಲ, ನಿಧಾನಕ್ಕೆ ತಿನ್ನಿ."

ಉಳಿದವರೂ ಅಷ್ಟೇ ನಗುತ್ತ ಸಾಲಾಗಿ ಬಂದರು. ಕಾರಿನ ಹಿಂಭಾಗ ಕುಸಿಯಿತು.

ಮನೆಗೆ ಬಂದು ಕೇಳಿದೆ. "ನಿಂದು ಹೇಗೆ ಖಾಲಿ ಆಯ್ತೇ?"

"ನಾನು ಹಾಕಿದ್ದು ಅಜ್ಜಿ ಕಪ್ಪಲ್ಲಿ. ಹೋದ ಸಲಾನೂ ಅಷ್ಟೇ. ನೀವು ತುರಿದಿದ್ರಲ್ಲಿ ಅರ್ಧ ಮಿಕ್ತು, ತಿಂಗಳೆಲ್ಲ ನಿಮ್ಮ ಬ್ರೆಡ್ಡಿಗೇ ಹಾಕ್ಕೊಟ್ಟೆ."

"ಅವತ್ತೇ ಹೇಳೋದಲ್ವಾ?"

"ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕೋದಾ? ಛೆ."

ಅಂದಿನಿಂದ ಮೂರು ಹೊತ್ತೂ ನನಗೆ ಅದೇ ಊಟ. ಆರ್ಲಿಸ್ ವರ್ನಾರ ಪಾತ್ರೆಗೆ ಸೌಟು ಹಾಕಿ ಕೇಳಿದಳು.

"ಎಷ್ಟು ಬಡಿಸ್ಲಿ?"

"ಅಜ್ಜಿ ಕಪ್ಪಲ್ಲಿ ಒಂದು ಕಪ್ ಸಾಕು. ಒತ್ತಬೇಡ ಮಾರಾಯ್ತಿ, ಸಡಿಲವಾಗಿ ಹಾಕು."

ಅವಳು ಸಡಿಲವಾಗಿಯೇ ತುಂಬಿದಳು. ಆಮೇಲೆ ತಟ್ಟೆಗೆ ಸುರಿದು, ತಟ್ಟೆಯನ್ನು ತಕ್ಕಡಿಯ ಮೇಲಿಟ್ಟಳು.

"ಅರ್ಧ ಪೌಂಡಿಗೆ ಇನ್ನೂ ಕಮ್ಮಿ ಇದೆ ರೀ" ಎಂದು ಮತ್ತೊಂದು ಸೌಟು ಹಾಕಿದಳು.